ಕಲ್ಲಿನದು ಹೋಗಿ ಟೋಪಿಯದು ಬಂತು

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ರೀ,

ಮಂಡಿ ನೋವು ಈಗ ಹೇಗಿದೆ? ಭಾವನವರ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ಬಿಸಿನೀರಿನ ಶಾಖ ಬೇಕಿದ್ದರೆ ಅಕ್ಕನನ್ನು ಕೇಳಿ, ಅತ್ತಿಗೆಯ ಹತ್ತಿರ ಎಂಥ ಸಂಕೋಚ? ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಬಿಟ್ಟು.

ಮ್ಯೂಸಿಯಂನ ಬಂದೂಕಿನ ಕೋಣೆಯ ವಿಷಯ ಬರೆಯಲೇಬೇಕಾಗಿದೆ. ನೀವು ಕಾವಲು, ನಾನು ಕಸಬರಿಗೆ. ಇಪ್ಪತ್ತೆರಡು ವರ್ಷ ನಿಮ್ಮ ಮಾತು ಕೇಳಿ ಕೇಳಿ ನನಗೂ ಒಂದಿಷ್ಟು ವಿದ್ಯೆ ಅಂಟಿದೆ. ನಳಿಗೆಯ ಒಳಗೆ ಸುರುಳಿ ಗೀರಿದ್ದರೆ ರೈಫಲ್, ಗುಂಡು ಬುಗುರಿಯಂತೆ ತಿರುಗಿಕೊಂಡು ನೆಟ್ಟಗೆ ಹೋಗುತ್ತದೆ. ನುಣುಪಾಗಿದ್ದರೆ ಚರೆ ಹೊಡೆಯುವ ಬಂದೂಕು. ಮದ್ದು ಚೀನಾದವರದ್ದು, ಅದಕ್ಕೆ ಬೆಂಕಿ ಮುಟ್ಟಿಸಲು ಮೊದಲು ಉರಿಯುವ ಬತ್ತಿ, ಆಮೇಲೆ ಕಿಡಿ ಹಾರಿಸುವ ಚಕಮಕಿ ಕಲ್ಲು, ಆಮೇಲೆ ಬಡಿದರೆ ಸಿಡಿಯುವ ಪುಟ್ಟ ತಾಮ್ರದ ಟೋಪಿ. ಕಲ್ಲಿನ ಹೊಗೆ ಕಂಡು ಹಕ್ಕಿಗಳು ಹಾರಿಹೋಗುತ್ತವೆಂದು ಯಾವನೋ ಪಾದ್ರಿ ತಲೆ ಕೆಡಿಸಿಕೊಂಡನಂತಲ್ಲ, ಅವನ ಉಪಾಯದಿಂದಲೇ ಟೋಪಿ ಹುಟ್ಟಿತೆಂದು ನೀವು ಹೇಳಿ ನಕ್ಕಿದ್ದಿರಿ. ಹೊಸ ಸಾಹೇಬರಿಗೆ ಇದೇನೂ ಬೇಡ. "ಎಲ್ಲಾ ತುಕ್ಕು ಹಿಡಿದ ಕೊಳವೆಗಳೇ ಅಲ್ವೇನಮ್ಮಾ" ಅನ್ನುತ್ತಾರೆ.

ಸೋಮವಾರ ಮೂರನೇ ಬೀರು ಒರೆಸುವಾಗ ನೋಡುತ್ತೇನೆ, ಸವಾರರ ಚಕಮಕಿ ಪಿಸ್ತೂಲಿನಲ್ಲಿ ಕಲ್ಲು ಕಚ್ಚಿ ಹಿಡಿಯುವ ಕೊಕ್ಕೆ, ನೀವು ಕುದುರೆ ಅನ್ನುತ್ತೀರಲ್ಲ, ಅದರ ಬಾಯಲ್ಲಿ ಕಲ್ಲಿಲ್ಲ. ಬಾಯೇ ಇಲ್ಲ! ಸುತ್ತಿಗೆಯಂಥ ತಲೆ, ಅದರಡಿ ಟೋಪಿ ಕೂರಿಸುವ ಮೊಳೆ. ಕಲ್ಲಿನವನ್ನು ಎಷ್ಟೋ ಕಡೆ ಟೋಪಿಗೆ ಬದಲಾಯಿಸಿಕೊಂಡರೆಂದು ನೀವೇ ಹೇಳಿದ್ದಿರಿ. ಹಾಗೇನಾದರೂ ರಿಪೇರಿ ಮಾಡಿಸಿದರೋ ಎಂದು ಭೂತಗನ್ನಡಿ ಹಿಡಿದೆ. ಹಾಗಿದ್ದರೆ ಕಲ್ಲಿನ ಕಿಡಿ ಬೀಳುವ ಹಳೆಯ ಮದ್ದಿನ ಬಟ್ಟಲಿದ್ದ ಜಾಗದಲ್ಲಿ ಮುಚ್ಚಿದ ತೂತು ಕಾಣಬೇಕಿತ್ತು, ಒಂದೂ ಇಲ್ಲ. ಇದು ಬೇರೆಯದೇ ಪಿಸ್ತೂಲು. ಯಾರೋ ನಮಗೆಲ್ಲ ಟೋಪಿ ಹಾಕಿದ್ದಾರೆ.

ಬಾಯಿ ತಡೆಯದೆ ಸಾಹೇಬರಿಗೆ ಹೇಳಿಬಿಟ್ಟೆ. ಅವರು ನೇರವಾಗಿ ಬಡಗಿಯ ಮೇಲೆ ಬಿದ್ದರು. ಹೋದ ತಿಂಗಳು ಬೀರುವಿನ ಬಾಗಿಲು ಸರಿಮಾಡಲು ಎರಡು ದಿನ ಬಂದಿದ್ದನಲ್ಲ, ಅದಕ್ಕೆ. ಶನಿವಾರದೊಳಗೆ ತಂದಿಡದಿದ್ದರೆ ಪೊಲೀಸರಿಗೆ ಕೊಡುತ್ತಾರಂತೆ. ನಿನ್ನೆ ಅವನ ಹೆಂಡತಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. "ನೀವು ನೋಡದೇ ಇದ್ದಿದ್ರೆ ಚೆನ್ನಾಗಿತ್ತು ಅಕ್ಕಾ" ಅಂದಳು. ನನಗೆ ಯಾರ ಮೇಲೂ ನಂಬಿಕೆ ಬರುತ್ತಿಲ್ಲ. ಸಾಹೇಬರ ಮೇಲೆ ಗುಮಾನಿ, ಚಿತ್ರ ತೆಗೆಯಲು ಬಂದ ಫೋಟೋದವನ ಮೇಲೆ ಗುಮಾನಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನಿ, ಪರವಾಗಿಲ್ಲ. ಅಂದ ಹಾಗೆ, ಹಳೆಯ ಸಾಮಾನು ಕೊಳ್ಳುವ ಅಂಗಡಿ ಭಾವನವರ ಬೀದಿಯಲ್ಲೇ ಇದೆಯಂತೆ, ಹೌದೇ? ಸುಮ್ಮನೆ ಕೇಳಿದೆ.

ಭಾವನವರಿಗೂ ಅಕ್ಕನಿಗೂ ನಮಸ್ಕಾರ ತಿಳಿಸಿ. ಮಾತ್ರೆ ಮರೆಯಬೇಡಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಡಗಿ ಕದಿಯುವುದಾದರೆ ಪಕ್ಕದಲ್ಲಿದ್ದ ಬೆಳ್ಳಿ ಹಿಡಿಕೆಯ ಪಿಸ್ತೂಲನ್ನು ಎತ್ತುತ್ತಿದ್ದ. ಇಲ್ಲಿ ಉದ್ದ, ಹಿಡಿಯ ಬಾಗು, ಮರದ ಬಣ್ಣ ಎಲ್ಲ ನೋಡಿ ಹೊಂದುವಂಥದ್ದನ್ನೇ ಹುಡುಕಿ ಇಟ್ಟಿದ್ದಾರೆ. ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ ಎಂದು ಬಲ್ಲವರು ಆ ಕಟ್ಟಡದಲ್ಲಿ ಇಬ್ಬರೇ. ನಾನು ತೆಗೆದಿಲ್ಲ. ಇಷ್ಟು ವರ್ಷ ನಾನು ಬರೀ ಹೂಂಗುಟ್ಟುತ್ತಿದ್ದೆ ಅಂದುಕೊಂಡಿರಾ? ಶನಿವಾರದೊಳಗೆ ಬನ್ನಿ. ಬರಿಗೈಯಲ್ಲಿ ಬರಬೇಡಿ.