ಅವ್ವನ ಹೆಬ್ಬೆಟ್ಟು

ಆಗಸ್ಟ್ 11, ಸೋಮವಾರ. ಬೆಳಿಗ್ಗೆ 6

ಹಾಲು ಉಕ್ಕಿಸಿದೆ, ಮತ್ತೆ. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್, ಅದರಲ್ಲಿ ಚೀನಾದ ಸಿವಿಲ್ ಕೋಡ್ — ಇನ್ನೇನಾಗುತ್ತೆ? ಲಾ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೆ ಈ ಸಲ ಸೆಮಿನಾರಿಗೆ ನನ್ನ ಹೆಸರು ಬಂದಿದೆ. ವಿಷಯ: ಚೀನಾದ ಕಾನೂನಿನಲ್ಲಿ ಸ್ತ್ರೀ ಸಮಾನತೆ ಮತ್ತು ಸಂಪ್ರದಾಯ.

ತಮಾಷೆಯಾಗಿದೆ. ಒಂದು ಕಲಮು ಹೆಣ್ಣು ಗಂಡು ಸಮ ಅನ್ನುತ್ತೆ. ಅಲ್ಲೇ ಕೆಳಗೆ ಇನ್ನೊಂದು, ಮನೆತನದ ಸದ್ಗುಣ ಬೆಳೆಸಿ ಅನ್ನುತ್ತೆ. ಎರಡೂ ಜಗಳಕ್ಕೆ ಬಿದ್ದರೆ? ಎಷ್ಟೋ ಹಳ್ಳಿಗಳಲ್ಲಿ ಮದುವೆಯಾಗಿ ಹೋದವಳ ಹೆಸರನ್ನು ಊರಿನವರು ಸಭೆ ಸೇರಿ ಜಮೀನಿನ ಪಟ್ಟಿಯಿಂದ ಹೊಡೆದುಹಾಕುತ್ತಾರಂತೆ. ಕೋರ್ಟಿಗೆ ಹೋದರೆ ಮನೆಮುರುಕಿ. "ನಮ್ಮ ಕಾನೂನು ಎಷ್ಟೋ ವಾಸಿ" ಅಂತ ಬರೆದೆ. ಕೊಂಚ ಜಂಬವೇ ಆಯಿತು.

ಆಗಸ್ಟ್ 17, ಭಾನುವಾರ

ತವರೂರು ಹನಕೆರೆಗೆ ಹೋಗಿದ್ದೆ. ತಮ್ಮ ನಾಗರಾಜು ಕರೆಸಿದ್ದ. ಅಪ್ಪ ಹೋಗಿ ವರ್ಷವಾಯಿತು, ಗದ್ದೆ ಅವನ ಹೆಸರಿಗೆ ಆಗಬೇಕು. ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡಿಸಿ ಟೀವಿ ಪಕ್ಕ ಇಟ್ಟಿದ್ದ. ನನ್ನ ಹೆಸರು, ಅವ್ವನ ಹೆಸರು. 'ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ...'

"ನಂಗೂ ಸಮಪಾಲು ಐತೆ ಕಣ್ಲಾ," ಅಂದೆ.

"ಯಾರಿಲ್ಲ ಅಂದೋರು? ತಕೋ ಅಕ್ಕ. ಆಮೇಲೆ ತವ್ರು ಅಂತ ಬರ್ಬ್ಯಾಡ. ಅವ್ವನ್ನೂ ಕರ್ಕೊಂಡೋಗ್ಬುಡು." ನಗುತ್ತಲೇ ಅಂದ.

ಹೊರಡುವಾಗ ಅವ್ವ ಹಿತ್ತಲಿಗೆ ಕರೆದಳು. "ಆಕ್ಬುಡು ಮಗ. ನಾನು ಈ ಮನೇಲೇ ಕಣ್ಮುಚ್ಬೇಕು. ನಿನ್ ಸೈನಿನ್ ಮೇಲೆ ನನ್ ಕೂಳು ನಿಂತದೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಟ್ಟು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆಗಸ್ಟ್ 22, ಶುಕ್ರವಾರ

ಹಾಕಿದೆ.

ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನದು ಎರಡು ನಿಮಿಷ. ಅವ್ವನ ಹೆಬ್ಬೆಟ್ಟನ್ನು ಮೆಷಿನ್ ಒಪ್ಪಲಿಲ್ಲ — ನಾಟಿ ಹಾಕಿ, ಪಾತ್ರೆ ಉಜ್ಜಿ ಗೆರೆಯೇ ಉಳಿದಿಲ್ಲ. ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿದಳು. ನಾಲ್ಕನೇ ಸಲಕ್ಕೆ ಬಂತು. ನಾಗರಾಜು ಚಪ್ಪಾಳೆ ತಟ್ಟಿದ.

"ಒಪ್ಪಿ ಹಾಕ್ತಿದ್ದೀರಾ ಮೇಡಂ?" ಅಂತ ಸಬ್‌ರಿಜಿಸ್ಟ್ರಾರ್ ಕೇಳಿದರು. ಹೌದು ಅಂದೆ. ಇದೇ ಪತ್ರದ ಬಗ್ಗೆ ಹುಡುಗಿಯರಿಗೆ ಪಾಠ ಮಾಡುತ್ತೇನೆ, ಸಹಿಗೆ ಮುಂಚೆ ಯೋಚಿಸಿ ಅಂತ. ಥೂ.

ಆಮೇಲೆ ನಾಗರಾಜು ಮಸಾಲೆ ದೋಸೆ ಕೊಡಿಸಿದ. ತಿಂದೆ.

ಆಗಸ್ಟ್ 26, ಗೌರಿ ಹಬ್ಬ

ಗುತ್ತಲಿನ ನಮ್ಮ ಮನೆಗೆ ನಾಗರಾಜು ಬಾಗಿನ ತಂದ. ಮೊರದಲ್ಲಿ ಬಳೆ, ರವಿಕೆ ಬಟ್ಟೆ, ಬೆಲ್ಲ, ಅಕ್ಕಿ — ನಮ್ಮ ಗದ್ದೆಯದು. ನಮ್ಮದಲ್ಲ, ಅವನದು.

ಪಕ್ಕದ ಮನೆ ಚಿಕ್ಕಬೋರಮ್ಮ ಮೊರ ನೋಡಿ ಕಣ್ಣರಳಿಸಿದರು. "ಎಂತಾ ತಮ್ಮ! ಪುಣ್ಯ ಮಾಡಿದ್ದೆ ಕಣಮ್ಮ."

ಅವ್ವ ಹೇಗಿದ್ದಾಳೆ ಅಂತ ಕೇಳಿದೆ. "ರಾಣಿ ಇದ್ದಂಗವ್ಳೆ," ಅಂದ. ಅಷ್ಟು ಸಾಕು ಅಂದುಕೊಂಡೆ. ಅವನು ಹೋದ ಮೇಲೆ 'ಎಷ್ಟೋ ವಾಸಿ' ಸಾಲನ್ನು ಪ್ರಬಂಧದಿಂದ ಅಳಿಸಿದೆ.

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ 3

ಬಾಗಿಲು ತೆಗೆದರೆ ಅವ್ವ. ಕೈಯಲ್ಲಿ ವೈರ್ ಬುಟ್ಟಿ. ಹಿಂದೆ ನಾಗರಾಜು, ಹೆಗಲ ಮೇಲೆ ಅವಳ ಹಾಸಿಗೆ. ಅವನ ಹೆಂಡತಿ ರಂಜಿತಳಿಗೂ ಅವ್ವನಿಗೂ ಹೊಂದುವುದಿಲ್ಲವಂತೆ.

"ಮತ್ಯಾಕ್ಲಾ ಸೈನ್ ಆಕುಸ್ಕೊಂಡೆ?" ಕಿರುಚಿದೆ. ಬೀದಿಯವರೆಲ್ಲ ಕೇಳಲಿ.

ಅವನದು ತಣ್ಣನೆಯ ದನಿ. "ರೇಗ್ಬ್ಯಾಡ ಅಕ್ಕ. ತಂದೆ ತಾಯಿ ನೋಡ್ಕೊಳದ್ರಲ್ಲಿ ಎಣ್ಮಕ್ಳೂ ಗಂಡ್ಮಕ್ಳೂ ಸಮ ಅಂತ ಕಾನೂನೇ ಐತಲ್ಲ. ನೀನೇ ಅಲ್ವಾ ಪಾಠ ಮಾಡದು?"

ಹೌದು. ಇದೆ. ನಾನೇ ಮಾಡುವುದು.

ಬಂದ ಆಟೋದಲ್ಲೇ ವಾಪಸ್ ಹೋದ. ನೀರೂ ಕುಡಿಯಲಿಲ್ಲ.

ಸಂಜೆ 7

ನಾಡಿದ್ದು ಸೆಮಿನಾರ್. ಕೊನೆಯ ಪ್ಯಾರಾ ಬಾಕಿ. ಒಂದು ಸಾಲೂ ಆಗಿಲ್ಲ.

ಅವ್ವ ತನ್ನ ತಟ್ಟೆ ತಾನೇ ತೊಳೆದಿಟ್ಟಳು. ಸೋಫಾ ಬೇಡವಂತೆ. ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಾಳೆ, ಹಾಸಿಗೆ ಬಿಚ್ಚದೆ. ನಾನು ಬರೆಯುವುದನ್ನೇ ನೋಡುತ್ತಿದ್ದಳು. ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಈಗ ಕೇಳಿದಳು:

"ಕವಿತ... ಇಲ್ಲಿರಾಕೂ ಎಲ್ಲಾರಾ ಎಬ್ಬೆಟ್ಟು ಒತ್ಬೇಕೇನ್ ಮಗ?"

ಬರೆಯುವುದನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ, ಅವಳ ಹಾಸಿಗೆ ಬಿಚ್ಚಿ ಹಾಸಲು.