ಕೈ ಬೀಸಿದವರು

ಭಾನುವಾರ, ೯ ಫೆಬ್ರವರಿ
ಮನೆಯಿಂದ, ಮಧ್ಯಾಹ್ನ. ಅಮ್ಮ ಮಲಗಿದ್ದಾಳೆ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಹಗಲು ಯಾವುದು, ರಾತ್ರಿ ಯಾವುದು ಎಂದು ಮೈಗೆ ತಿಳಿಯುವುದಿಲ್ಲ ಎಂದಿದ್ದೆ, ಅದು ಸರಿಹೋಯಿತೇ? ಬ್ರೈಲ್ ಕಲಿಯಲು ನಿನಗೆ ಕಷ್ಟವಾಗುತ್ತಿದೆ, ಇಷ್ಟು ವರ್ಷ ಬಸ್ಸಿನ ಸ್ಟೀರಿಂಗ್ ಹಿಡಿದು ಬೆರಳು ಜಡ್ಡುಗಟ್ಟಿವೆ ಎಂದು ನಿಮ್ಮ ತರಬೇತಿ ಕೇಂದ್ರದ ಆಫೀಸಿನವರು ಅಮ್ಮನಿಗೆ ಫೋನಿನಲ್ಲಿ ಹೇಳಿದರಂತೆ. "ಓದೋದ್ರಲ್ಲಿ ಅವನು ಮೊದಲಿಂದಾನೂ ಹಾಗೇನೇ, ಪಾಪ ಬೆರಳಿನ ಮೇಲೆ ಯಾಕೆ ಹಾಕ್ತೀರಿ" ಅಂದಳು ಅಮ್ಮ. ಅವಳು ಚೆನ್ನಾಗಿದ್ದಾಳೆ. ಬಿ.ಪಿ. ಮಾತ್ರೆ ಬದಲಾಯಿಸಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಲ್ಯಾಬಿನಲ್ಲಿ ಕೈತುಂಬ ಕೆಲಸ. ಊರಿನಲ್ಲಿ ಎಲ್ಲರ ಹಲ್ಲೂ ಒಟ್ಟಿಗೇ ಬಿದ್ದಿವೆಯೇನೋ ಅನ್ನುವಷ್ಟು ಕಟ್ಟುಹಲ್ಲಿನ ಸೆಟ್ಟುಗಳು ಬರುತ್ತಿವೆ.

ಇದನ್ನು ಓದಿ ಹೇಳುತ್ತಿರುವ ಟೀಚರ್ ಅವರಿಗೆ ನಮಸ್ಕಾರ. ಬುಧವಾರ ಊಟವಾದ ಮೇಲೆ ತಾವು ಬಂದು ಎಲ್ಲರ ಕಾಗದ ಓದುತ್ತೀರಿ ಎಂದು ತಿಳಿಯಿತು. ನನ್ನ ಅಕ್ಷರ ಸಣ್ಣದು, ಬೇಸರ ಮಾಡಿಕೊಳ್ಳಬೇಡಿ. ಅಣ್ಣ ನಡುವೆ "ಸಾಕು ಬಿಡಿ ಟೀಚರ್" ಅನ್ನಬಹುದು. ಬಿಡಬೇಡಿ. ಫೋನಿನಲ್ಲಾದರೆ ಅವನು "ಹೂಂ, ಹೂಂ" ಎಂದು ಇಟ್ಟುಬಿಡುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ. ಎದುರು ಕೂತು ಓದುವ ಹಿರಿಯರನ್ನು ಎದ್ದು ಹೋಗಿ ಅನ್ನುವಷ್ಟು ಒರಟನಲ್ಲ. ಅವನಿಗೆ ಗೊತ್ತಿರುವ ಸಂಗತಿಯನ್ನು ನಾನು ಮತ್ತೆ ವಿವರಿಸಿದ್ದರೆ ಅದು ನಿಮಗಾಗಿ.

ಅಣ್ಣಾ, ನೀನು ಆಫೀಸಿನವರ ಮೂಲಕ ಹೇಳಿಕಳಿಸಿದ್ದು ತಲುಪಿತು. ಏಪ್ರಿಲ್‌ನಲ್ಲಿ ತರಬೇತಿ ಮುಗಿದರೂ ಮನೆಗೆ ಬರುವುದಿಲ್ಲ, ಅಲ್ಲೇ ಪ್ಯಾಕಿಂಗ್ ಕೆಲಸ ಕೊಡುತ್ತಾರೆ, ಓಡುವ ಶೂಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಿದ್ದೀಯ. ಬಸ್ ಡಿಪೋದವರು ಅನೌನ್ಸ್‌ಮೆಂಟ್ ಕೆಲಸದ ಕುರ್ಚಿಯನ್ನು ನಿನಗಾಗಿ ಇನ್ನೂ ಖಾಲಿ ಇಟ್ಟಿದ್ದಾರೆ. ಅದನ್ನೂ ಬೇಡ ಎಂದೆಯಂತೆ. ಶೂಗಳನ್ನು ಕೊಟ್ಟಾಯಿತು ಎಂದು ಅಮ್ಮ ನಿಮ್ಮವರಿಗೆ ಹೇಳಿದ್ದು ಸುಳ್ಳು. ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಯಾರ ಕಣ್ಣಿಗೂ ಬೀಳಬಾರದೆಂದು ಮುಂದೆ ಒಂದು ಬಕೆಟ್ ಬೇರೆ. ಆ ಬಕೆಟ್ಟನ್ನು ನಾನು ದಿನಾ ನೋಡುತ್ತೇನೆ.

ನನಗೆ ಅಳು ಬರುವುದಿಲ್ಲ. ಬರಬೇಕಿತ್ತು, ಬಂದಿಲ್ಲ. ನೀನು ಹೋದಾಗಿನಿಂದ ಹೀಗೇ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ತುಟಿ ಹೇಗಿರುತ್ತದೆ, ಹಾಗೆ. ತುಟಿ ಇದೆ ಎಂದು ಗೊತ್ತಿರುತ್ತದೆ, ಮುಟ್ಟಿದರೆ ಬೇರೆ ಯಾರದೋ ಅನ್ನಿಸುತ್ತದೆ. ಊಟ ಮಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಶನಿವಾರ ಓಡುತ್ತೇನೆ. ಓಡಿದ ಮೇಲೆ ಸುಸ್ತಾಗುತ್ತದೆ, ಅಷ್ಟು ಮಾತ್ರ ತಿಳಿಯುತ್ತದೆ.

ಶನಿವಾರದ ವಿಷಯಕ್ಕೆ ಬರುತ್ತೇನೆ. ಟೀಚರ್, ನಮ್ಮ ಪಾರ್ಕಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಯಾರು ಬೇಕಾದರೂ ಬಂದು ಐದು ಕಿಲೋಮೀಟರ್ ಓಡಬಹುದು. ಬಹುಮಾನ ಇಲ್ಲ, ಫೀಸು ಇಲ್ಲ. ಪಾರ್ಕಿನ ಗೋಡೆಗೆ ಅಂಟಿಕೊಂಡೇ ಆಸ್ಪತ್ರೆ ಇದೆ. ಸದ್ದು ಮಾಡಬಾರದೆಂಬ ಷರತ್ತಿನ ಮೇಲೆ ನಮಗೆ ಆ ಹೊತ್ತಿನಲ್ಲಿ ಜಾಗ ಕೊಟ್ಟಿದ್ದಾರೆ. ಹಾಗಾಗಿ ನಾವು ಚಪ್ಪಾಳೆ ತಟ್ಟುವುದಿಲ್ಲ, ಕೂಗುವುದಿಲ್ಲ. ಯಾರಾದರೂ ಓಟ ಮುಗಿಸಿ ಬಂದರೆ ನೀರಿನ ಟ್ಯಾಂಕಿನ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿ ಬೀಸುತ್ತೇವೆ. ಇದನ್ನೆಲ್ಲ ನಡೆಸುವವರು ಒಬ್ಬ ನಿವೃತ್ತ ಡ್ರಿಲ್ ಮಾಸ್ತರು. ಕೊರಳಿನಲ್ಲಿ ಸೀಟಿ ನೇತಾಡುತ್ತಿರುತ್ತದೆ, ಊದುವ ಹಾಗಿಲ್ಲ. ಎಲ್ಲರಿಗೂ ಅವರು ಸೀಟಿ ಮಾಮ. ನನ್ನ ಅಣ್ಣ ಅಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ನಾನು ಹಿಂದೆ. ತಿರುವಿನಲ್ಲಿ ಎದುರಾದಾಗ "ಏನೇ ಆಮೆ, ಇನ್ನೂ ಇಲ್ಲೇ ಇದ್ದೀಯಾ?" ಎಂದು ಪಿಸುಗುಟ್ಟಿ ಹೋಗುತ್ತಿದ್ದ.

ಕಳೆದ ಸೆಪ್ಟೆಂಬರಿನ ಆ ಶನಿವಾರ ನಿನಗೆ ನೆನಪಿದೆ. ಕಣ್ಣು ಹೋದ ಮೇಲೆ ನೀನು ಪಾರ್ಕಿಗೆ ಬಂದದ್ದು ಅದೊಂದೇ ಸಲ. ನನ್ನ ತೋಳು ಹಿಡಿದು ಪೂರ್ತಿ ದಾರಿ ನಡೆದೆ. ಟ್ಯಾಂಕಿನ ಕೆಳಗೆ ಬಂದಾಗ "ಎಲ್ಲಾ ಮನೆಗೆ ಹೋದ್ರಾ?" ಎಂದು ಕೇಳಿದೆ. ಇಲ್ಲಣ್ಣ, ಎಲ್ಲರೂ ಇದ್ದಾರೆ, ಕೈ ಬೀಸುತ್ತಿದ್ದಾರೆ ಎಂದೆ. "ಸಮಾಧಾನ ಹೇಳ್ಬೇಡ. ನಂಗೆ ಹೋಗಿರೋದು ಕಣ್ಣು, ಕಿವಿ ಅಲ್ಲ" ಅಂದೆ. ಯಾರಾದರೂ ಹತ್ತಿರ ಬರುವ ಮೊದಲೇ ನನ್ನನ್ನು ಎಳೆದುಕೊಂಡು ಗೇಟಿನ ಕಡೆ ಹೊರಟೆ. ಒಬ್ಬನೇ ಇರಲು ಬಯಸುತ್ತಾನೆ ಎಂದುಕೊಂಡು ಅವರೂ ಹಿಂದೆ ಬರಲಿಲ್ಲ. ಎರಡು ವಾರದಲ್ಲಿ ನೀನು ಅಲ್ಲಿಗೆ ಹೊರಟುಹೋದೆ.

ಈ ವರ್ಷದ ಮೊದಲ ಶನಿವಾರ ಎಂದಿನಂತೆ ಸೀಟಿ ಮಾಮ ಬೋರ್ಡು ತಂದು ಮರಕ್ಕೆ ಒರಗಿಸಿದರು. ಪ್ರತಿಯೊಬ್ಬರೂ ಈ ವರ್ಷಕ್ಕೊಂದು ಹೊಸ ಸವಾಲು ಹೇಳಬೇಕು, ಅವರು ಬರೆಯುತ್ತಾರೆ. ಬೇಕರಿಯವರು ವಾಚು ಕಟ್ಟದೆ ಓಡುತ್ತಾರಂತೆ. ಔಷಧಿ ಅಂಗಡಿಯ ಗಂಡಹೆಂಡತಿ ಐದು ಕಿಲೋಮೀಟರೂ ಜಗಳವಾಡದೆ ಓಡುವುದು ಎಂದರು. "ಆಗೋ ಮಾತು ಹೇಳಿ" ಎಂದರು ಮಾಮ. ನನ್ನ ಸರದಿ ಬಂತು. ಎರಡು ವರ್ಷದಿಂದ ನನ್ನದು ಒಂದೇ ಸವಾಲು, ನಿನ್ನನ್ನು ಹಿಂದೆ ಹಾಕುವುದು. ಅದಕ್ಕೆ ಈಗ ಅರ್ಥ ಇರಲಿಲ್ಲ. ವೇಗ ಹೆಚ್ಚಿಸಬೇಕು, ದೂರ ಹೆಚ್ಚಿಸಬೇಕು ಎಂದು ಏನೂ ಅನ್ನಿಸಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. "ಹಗ್ಗ ಹಿಡ್ಕೊಂಡು ಅಣ್ಣನ ಜೊತೆ ಓಡ್ತೀನಿ" ಅಂದುಬಿಟ್ಟೆ. ಮಾಮ ಹಾಗೇ ಬರೆದರು. ಕಣ್ಣು ಕಾಣದವರ ಕೈಗೊಂದು ತುದಿ, ಜೊತೆಗಾರರ ಕೈಗೊಂದು ತುದಿ ಕೊಟ್ಟು ಪಕ್ಕಪಕ್ಕ ಓಡುವ ಪದ್ಧತಿ ಇದೆ. ಗೇಣುದ್ದದ ಹಗ್ಗ ಸಾಕು. ನಾನು ಅದನ್ನು ಕಲಿಯಬೇಕಿತ್ತು.

ಕಲಿಯಲು ಸೀಟಿ ಮಾಮನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದರು. ಮೊದಲ ದಿನವೇ ಅವರನ್ನು ಪೊದೆಗೆ ನುಗ್ಗಿಸಿದೆ. ಎರಡನೆಯ ಸಲ ಬೆಂಚಿಗೆ. ಯಾಕೆ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಲ್ಯಾಬಿನಲ್ಲಿ ಬಾಯಿಯ ಅಚ್ಚು ನನಗೆ ಎದುರಾಗಿ ಇರುತ್ತದೆ. ಬಲ ಎಂದರೆ ಆ ಬಾಯಿಯವರ ಬಲ, ಅಂದರೆ ನನ್ನ ಎಡಗೈ ಕಡೆ. ಇಷ್ಟು ವರ್ಷ ಎಡಗೈ ಕಡೆ ಇರುವುದನ್ನು ಬಲ ಎಂದು ಕರೆದು ಕರೆದು, ಓಡುವಾಗ ಬಾಯಿಗೆ ಅದೇ ಬರುತ್ತದೆ. ಹೇಳಿದೆ. ಮುಂದಿನ ಶನಿವಾರವೂ ಪೊದೆಗೆ ನುಗ್ಗಿದ್ದ ಮಾಮ ತಲೆಯಿಂದ ಎಲೆ ತೆಗೆಯುತ್ತಾ "ಬಲ ಅಂದ್ರೆ ಯಾರ ಬಲ ತಾಯಿ? ನಿಂದಾ, ನಂದಾ, ಹಲ್ಲಿಂದಾ?" ಎಂದರು. ಎಲ್ಲರೂ ನಕ್ಕರು. ನಾನೂ ಬಾಯಿ ಅಗಲಿಸಿದೆ. ಆಮೇಲೆ ಎಡ, ಬಲ ಎರಡನ್ನೂ ಬಿಟ್ಟೆವು. "ನನ್ ಕಡೆ", "ನಿನ್ ಕಡೆ", ಅಷ್ಟೇ. ಈಗ ತಪ್ಪುವುದಿಲ್ಲ.

ಜನವರಿ ಮುಗಿಯುವ ಹೊತ್ತಿಗೆ ಒಂದು ಹುಡುಗಿ ಬಂದಳು. ಪಕ್ಕದ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಚಿಕ್ಕಂದಿನಿಂದ ಕಣ್ಣಿಲ್ಲ. ಅವಳು ಕೂರುವ ಕೋಣೆಯ ಕಿಟಕಿ ಪಾರ್ಕಿನ ಕಡೆಗಿದೆಯಂತೆ. "ಶನಿವಾರ ಬಂದ್ರೆ ಸಾಕು, ರಾಶಿ ಕಾಲು ಓಡ್ತವೆ, ಒಬ್ರಿಗೂ ಬಾಯಿಲ್ಲ. ಕಳ್ಳರ ಸಂಘಾನಾ ಅಂತ ಕೇಳೋಣ ಅಂತ ಬಂದೆ" ಎಂದಳು. ನಮ್ಮಲ್ಲಿ ಹಗ್ಗದ ಅಭ್ಯಾಸ ನಡೆದಿದೆ ಎಂದು ಯಾರೋ ನರ್ಸ್ ಹೇಳಿದ್ದರಂತೆ. ಓಡಿ ನೋಡುತ್ತೀಯಾ ಎಂದು ಮಾಮ ಕೇಳಿದರು. ಓಡಿದಳು, ನನ್ನ ಜೊತೆ. ಗಿಡ್ಡ ಹೆಜ್ಜೆ, ನಿಲ್ಲದ ಬಾಯಿ. ಟ್ಯಾಂಕಿನ ಕೆಳಗೆ ಬಂದು ನಿಂತೆವು. ಎಲ್ಲರೂ ಕೈ ಎತ್ತಿದ್ದರು. ಅವಳು ಉಸಿರು ಬಿಡುತ್ತಾ "ಮುಗೀತಾ? ಯಾರೂ ಇಲ್ವಾ ಇಲ್ಲಿ?" ಎಂದಳು. ಎಲ್ಲರೂ ಇದ್ದಾರೆ, ನಿನಗೆ ಕೈ ಬೀಸುತ್ತಿದ್ದಾರೆ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೈ ಬೀಸ್ತಿದ್ದಾರಾ? ನಂಗಾ? ಒಳ್ಳೆ ಜನಾ ರೀ ನೀವು!"

ಕೈಗಳು ಒಂದೊಂದಾಗಿ ಕೆಳಗಿಳಿದವು, ಉಳಿದವರೂ ನಕ್ಕರು. ಸೀಟಿ ಮಾಮ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕೂತರು. "ಆವತ್ತು ನಿಮ್ಮಣ್ಣಂಗೂ ನಾವು ಹಿಂಗೇ ಮಾಡಿದ್ವಾ?" ಎಂದು ಕೇಳಿದರು. ಹೌದು ಎಂದೆ. ಅವರಿಗೆ ಅದು ಹೊಳೆದೇ ಇರಲಿಲ್ಲ ಅಣ್ಣ. ಎಷ್ಟೋ ವರ್ಷದಿಂದ ನಮಗೆಲ್ಲ ಕೈ ಬೀಸುವುದೆಂದರೆ ಕೂಗಿದ ಹಾಗೇ. ಸದ್ದಿಲ್ಲ ಎಂಬುದೇ ಮರೆತುಹೋಗಿದೆ. ಮಾಮ ಸೀಟಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರು. "ಅವನು ಎರಡು ಕಡೆಗೂ ಮುಖ ತಿರುಗಿಸಿದ. ನಂಗೆ ಕಾಣ್ತಿತ್ತು. ನಾನು ಇನ್ನೂ ಜೋರಾಗಿ ಬೀಸಿದೆ" ಎಂದರು. ಅವರು ಕಣ್ಣೊರೆಸಿಕೊಂಡರು. ನಾನು ಹಗ್ಗ ಸುತ್ತಿ ಚೀಲಕ್ಕೆ ಹಾಕಿದೆ.

ಟೀಚರ್, ಮುಂದಿನ ಸಾಲನ್ನು ದಯವಿಟ್ಟು ಎರಡು ಸಲ ಓದಿ. ಅವರೆಲ್ಲ ಅಲ್ಲೇ ಇದ್ದರು. ನಾನು ಸಮಾಧಾನ ಹೇಳಿರಲಿಲ್ಲ.

ಈಗ ನಮ್ಮಲ್ಲಿ ಕ್ರಮ ಬದಲಾಗಿದೆ. ಓಟದ ಕೊನೆಯಲ್ಲಿ ಸಾಲಾಗಿ ನಿಂತು ಅಂಗೈ ಮುಂದೆ ಚಾಚುತ್ತಾರೆ. ಬಂದವರು ಒಂದೊಂದೇ ಅಂಗೈ ಸವರಿಕೊಂಡು ಹೋಗುತ್ತಾರೆ. ಕಣ್ಣಿದ್ದವರೂ ಅಷ್ಟೇ. ಬೇಕರಿಯವರ ಕೈ ಆ ಹುಡುಗಿಗೆ ಎರಡೇ ವಾರದಲ್ಲಿ ಗುರುತು ಸಿಕ್ಕಿದೆ, ಬೆಚ್ಚಗಿರುತ್ತದಂತೆ. ನನ್ನ ಕೈಯಿಂದ ಪ್ಲಾಸ್ಟರಿನ ವಾಸನೆ ಬರುತ್ತದೆ ಎಂದಳು.

ಅವಳಿಗೆ ಮೇ ತಿಂಗಳಲ್ಲಿ ಹತ್ತು ಕಿಲೋಮೀಟರಿನ ಊರ ಓಟದಲ್ಲಿ ಓಡಬೇಕಂತೆ. ಅದಕ್ಕೆ ಶನಿವಾರವಲ್ಲದೆ ವಾರದ ನಡುವೆಯೂ ಅಭ್ಯಾಸ ಬೇಕು. ನಿನ್ನೆ ನನ್ನನ್ನು ಕೇಳಿದಳು. ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿ ಬಂದು "ಅದು ನಿಮ್ಮಣ್ಣನಿಗೆ ಅಂತ ಕಲಿತಿದ್ದು. ಅವನು ಬಂದಾಗ ಏನ್ ಹೇಳ್ತೀಯ? ಖಾಲಿ ಇಲ್ಲ ಅಂತೀಯಾ?" ಎಂದಳು. ಇಬ್ಬರಿಗೂ ಹಿಡಿಯಬಾರದೇ ಎಂದೂ ಕೇಳಿದಳು. ಆಗುವುದಿಲ್ಲ. ಹಗ್ಗ ಹಿಡಿದವರ ಹೆಜ್ಜೆ ಒಂದಕ್ಕೊಂದು ಕೂಡಬೇಕು, ಅದಕ್ಕೆ ತಿಂಗಳುಗಳು ಬೇಕು. ಅವಳ ಹೆಜ್ಜೆಗೆ ಹೊಂದಿಕೊಂಡ ಕಾಲು ನಿನ್ನ ಹೆಜ್ಜೆಗೆ ಎಡವುತ್ತದೆ. ಇದನ್ನು ಆ ಹುಡುಗಿಗೂ ಹೇಳಿದ್ದೆ. "ನಿಮ್ಮಣ್ಣ ಬರೋದಾದ್ರೆ ಹೇಳ್ಬಿಡಿ ಅಕ್ಕಾ, ನಂಗೇನೂ ಬೇಜಾರಿಲ್ಲ. ಕಾಯಿಸ್ಬೇಡಿ, ಅಷ್ಟೇ. ಕಾಯೋದು ಮಾತ್ರ ನಂಗಾಗಲ್ಲ" ಎಂದಳು. ಬರುವ ಶನಿವಾರ ಉತ್ತರ ಕೊಡುತ್ತೇನೆ ಎಂದಿದ್ದೇನೆ.

ಅವಳ ಜೊತೆ ಓಡುವಾಗ ಮುಂದಿನ ಕಲ್ಲು, ಬೇರು, ಇಳಿಜಾರು ನೋಡುತ್ತಿರಬೇಕು, ಬಾಯಲ್ಲಿ ಹೇಳುತ್ತಿರಬೇಕು. ಬೇರೆ ಏನೂ ಅನ್ನಿಸಬೇಕಾಗಿಲ್ಲ. ಅದು ನನಗೆ ಹಿಡಿಸಿದೆ. ಹಿಡಿಸಿದೆ ಎಂಬುದು ದೊಡ್ಡ ಮಾತಾಯಿತು. ಕಷ್ಟವಾಗುವುದಿಲ್ಲ.

ಊಟ ಬಿಡಬೇಡ. ಬೆರಳಿಗೆ ರಾತ್ರಿ ಎಣ್ಣೆ ಹಚ್ಚಿಕೊಂಡು ಮಲಗು ಎಂದು ಅಮ್ಮ ಹೇಳಿದ್ದಾಳೆ. ಅವಳ ಆಶೀರ್ವಾದ ಯಾವಾಗಲೂ ಇದ್ದದ್ದೇ. ಸೀಟಿ ಮಾಮ ನಿನಗೆ ಏನೋ ಹೇಳಬೇಕು ಎಂದು ಎರಡು ಸಲ ಬಾಯಿ ತೆರೆದು, ಕೊನೆಗೆ "ಕೇಳಿದೆ ಅಂತ ಬರಿ" ಎಂದರು. ಟೀಚರ್ ಅವರಿಗೆ ಇಷ್ಟು ಓದಿದ್ದಕ್ಕೆ ವಂದನೆಗಳು.

ನಿನ್ನ ತಂಗಿ

ತಾ.ಕ.: ಅಮ್ಮ ಎದ್ದ ಸದ್ದಾಯಿತು, ಬೇಗ ಬರೆಯುತ್ತೇನೆ. ಶನಿವಾರ ಆ ಹುಡುಗಿಗೆ ಹೂಂ ಅನ್ನುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಬೋರ್ಡಿನಲ್ಲಿ ಅಣ್ಣ ಎಂದು ಬರೆದದ್ದನ್ನು ಅಳಿಸಲು ಮಾಮನಿಗೂ ಹೇಳಬೇಕು. ನಿನಗಾಗಿ ಹಗ್ಗ ಹಿಡಿಯಲು ಅವರು ಈಗ ತಾವೇ ಕಲಿಯುತ್ತಿದ್ದಾರೆ, ಬೇಕರಿಯವರ ಕಣ್ಣು ಕಟ್ಟಿ. ಅವರು ನಿಧಾನ, ನಿನಗೆ ರೇಗುತ್ತದೆ. ನೀನು ಬಂದರೆ ಅವರಿದ್ದಾರೆ, ಬರದಿದ್ದರೆ ಇಲ್ಲ. ಆದರೆ ನಾನು ಇನ್ನು ಕಾಯುತ್ತಿಲ್ಲ. ಹೀಗೆ ಬರೆದ ಮೇಲೆ ಎದೆ ಹಗುರವಾಗಬಹುದು, ಇಲ್ಲವೇ ಭಾರವಾಗಬಹುದು ಎಂದುಕೊಂಡಿದ್ದೆ. ಎರಡೂ ಆಗಿಲ್ಲ. ಆದರೂ ಹೂಂ ಅನ್ನುತ್ತೇನೆ.