ಕೋಲಿಯರ್ಸ್ ಪಬ್ಬಿನ ಖಾಲಿ ಕೊಕ್ಕೆ

ಕುಮ್‌ಗ್ರಿಗ್, ವೇಲ್ಸ್
14 ನವೆಂಬರ್ 2024

ಏರ್ಲಿಸ್,

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಅರವತ್ತು ವರ್ಷ ಜೊತೆಗಿದ್ದ ಗೆಳತಿಗೆ ಈ ಪತ್ರ ಹೀಗೇ ಶುರುವಾಗಬೇಕು.

ಮಂಗಳವಾರ ನಮ್ಮ ಹದಿನಾಲ್ಕು ಜನಕ್ಕೆ ಬಸ್ಸು ಗೊತ್ತುಮಾಡಿದವಳು ನೀನು. ಕೋಲಿಯರ್ಸ್ ಪಬ್ಬನ್ನು ಕೆಡವಬೇಡಿ ಎಂದು ಕೌನ್ಸಿಲ್ ಮುಂದೆ ಕೂಗಲು ಹೊರಟವರಿಗೆ ಚೀಸು-ಈರುಳ್ಳಿ ಸ್ಯಾಂಡ್‌ವಿಚ್ ಕಟ್ಟಿಕೊಟ್ಟವಳೂ ನೀನೇ. "ಜೋರಾಗಿ ಮಾತಾಡೇ ಬ್ಲಾಡ್, ಆ ಸೂಟಿನೋರಿಗೆ ಕಿವಿ ಕೇಳ್ಸಲ್ಲ. ಬಾಗಿಲು ನಾನು ಕಾಯ್ತೀನಿ" ಅಂದೆ.

ಜೋರಾಗಿಯೇ ಮಾತಾಡಿದೆ. ನಿನ್ನ ಅಜ್ಜಿ ಹನ್ನಾಳಿಂದಲೇ ಶುರುಮಾಡಿದೆ. ಗಂಡ ಕಲ್ಲಿದ್ದಲ ಗಣಿಯಲ್ಲಿ ಸತ್ತ ಹದಿನೈದನೇ ದಿನಕ್ಕೆ ಗಣಿ ಕಂಪನಿ ಅವಳನ್ನು ಮನೆಯಿಂದ ಹೊರಹಾಕಿತು. ಅವಳು ಬೇಡಲಿಲ್ಲ. ಹಾಳುಬಿದ್ದ ಕುದುರೆ ಲಾಯದಲ್ಲಿ ಪೀಪಾಯಿ ಇಟ್ಟು ಬಿಯರ್ ಬಗ್ಗಿಸಲು ನಿಂತಳು. ಬಾಗಿಲ ಮೇಲೆ ಮಾಲಕಿ ಎಂದು ತನ್ನ ಹೆಸರನ್ನೇ ಬರೆಸಿದಳು. ಅವಳ ನಂತರ ನಿಮ್ಮಪ್ಪ ಟ್ಯೂಡರ್. ಎಂಬತ್ನಾಲ್ಕರ ಗಣಿ ಮುಷ್ಕರದಲ್ಲಿ ಪಬ್ಬನ್ನೇ ಊರಿನ ಅಡುಗೆಮನೆ ಮಾಡಿದ ಮನುಷ್ಯ. ನೀನೂ ನಾನೂ ಅಲ್ಲಿ ವರ್ಷವಿಡೀ ಆಲೂಗಡ್ಡೆ ಸುಲಿದೆವು. ಆಮೇಲೆ ಬಾಗಿಲ ಮೇಲೆ ನಿನ್ನ ಹೆಸರು ಬಂತು.

ನಿನ್ನ ಹೆಸರು ಹೇಳಿದ್ದೇ ಅಧ್ಯಕ್ಷ ಕನ್ನಡಕ ತೆಗೆದ. "ಅಮ್ಮಾ, ಆಕೆ ಜುಲೈನಲ್ಲೇ ಪಬ್ಬನ್ನು ಕಟ್ಟಡ ಕಂಪನಿಗೆ ಮಾರಿಬಿಟ್ಟಿದ್ದಾರಲ್ಲ" ಅಂದ.

"ಸುಳ್ಳು ಬೊಗಳಬೇಡ" ಅಂದೆ ನಾನು. ಹೌದು ಕಣೇ, ನಿನ್ನ ಪರವಾಗಿ!

ವಾಪಸು ಬಂದಾಗ ಕೋಲಿಯರ್ಸ್ ಇರಲಿಲ್ಲ. ಹನ್ನಾಳ ಲಾಯದ ಕಲ್ಲುಗಳು ರಸ್ತೆತನಕ ಚೆಲ್ಲಿದ್ದವು. ಕೆಡವುವ ಯಂತ್ರ ಓಡಿಸಿದವನ ಕೊರಳಪಟ್ಟಿ ಹಿಡಿದೆ. "ಬೀಗದ ಕೈ ಕೊಟ್ಟಿದ್ದು ಮಾಲಕಿ ಅಮ್ಮನೇ. ಟೀನೂ ಕೊಟ್ರು. ಒಳ್ಳೆಯೋರು" ಅಂದ. ನೀನು ಅಷ್ಟು ಹೊತ್ತಿಗೆ ಕಾರ್ಡಿಫ್‌ನ ತಂಗಿಯ ಮನೆ ಸೇರಿದ್ದೆ.

ಫೋನಿನಲ್ಲಿ ನೀನು ಹೇಳಿದ್ದು ಇಷ್ಟೇ: "ನೀವೆಲ್ಲ ಟಿವಿ ಮುಂದೆ ಡಬ್ಬಿ ಬಿಯರ್ ಕುಡೀತಾ ಕೂತಿದ್ರಿ. ಖಾಲಿ ಕೋಣೇಲಿ ಒಬ್ಬಳೇ ಬೆಂಕಿ ಹಾಕ್ಕೊಂಡು ಇನ್ನೆಷ್ಟು ಚಳಿಗಾಲ ಕೂತಿರ್ಲಿ?"

ನಿಜ. ಆದರೆ ನಮಗೆ ಹೇಳಬಹುದಿತ್ತು. ಬೈಯುತ್ತಿದ್ದೆವು, ಅಳುತ್ತಿದ್ದೆವು, ಕೊನೆಗೆ ನಿನ್ನ ಗಲ್ಲಾದ ಹಲಗೆಯನ್ನು ನಾವೇ ಹೆಗಲ ಮೇಲೆ ಹೊತ್ತು ಹೊರಗಿಡುತ್ತಿದ್ದೆವು. ಮಾರಿದ್ದು ನಿನ್ನ ಹಕ್ಕು. ನಮ್ಮನ್ನು ಸಭೆಗೆ ಸಾಗಹಾಕಿ ಬೆನ್ನ ಹಿಂದೆ ಕೆಡವಿಸಿದ್ದು ಗಣಿ ಧಣಿಗಳ ಬುದ್ಧಿ. ಅವರೂ ನಮ್ಮ ಗಂಡಸರನ್ನು ಮಾತುಕತೆಗೆ ಕರೆದು ಗೇಟಿಗೆ ಬೀಗ ಜಡಿದಿದ್ದರು. ಅದನ್ನು ನೋಡಿದವಳು ನೀನು. ನೋಡಿ ಕಲಿತದ್ದು ಇದನ್ನೇ?

ಇನ್ನು ಆ ತವರದ ಮಗ್‌ಗಳು. ಗಲ್ಲಾದ ಮೇಲಿನ ತೊಲೆಗೆ ಕೊಕ್ಕೆ, ಕೊಕ್ಕೆಗೊಂದು ಮಗ್, ಮಗ್‌ಗೊಬ್ಬ ಗಣಿಗಾರ. ಸತ್ತವನನ್ನು ಮಣ್ಣು ಮಾಡಿದ ದಿನ ಅವನ ಮಗ್‌ಗೆ ಬಿಯರ್ ತುಂಬಿ ಊರೆಲ್ಲ ಒಂದೊಂದು ಗುಟುಕು ಕುಡಿದು ಮತ್ತೆ ಅಲ್ಲೇ ತೂಗುಹಾಕುತ್ತಿದ್ದೆವು. ನೀನು ಅವನ್ನೆಲ್ಲ ಪತ್ರಿಕೆಯಲ್ಲಿ ಸುತ್ತಿ, ಹೆಸರು ಬರೆದು, ನಾವು ಪ್ರಾರ್ಥನೆಗೆ ಸೇರುವ ಚಾಪೆಲ್ ಬಾಗಿಲಲ್ಲಿಟ್ಟು ಹೋಗಿದ್ದೀಯ. ನಲವತ್ತು. ಎಣಿಸಿ ಮನೆಮನೆಗೆ ಹಂಚಿದೆ.

ನನ್ನ ಮನೆಗೆ ಮಗ್ ಬರುವಂತಿರಲಿಲ್ಲ. ಮುಷ್ಕರದ ಹನ್ನೊಂದನೇ ತಿಂಗಳು ನನ್ನ ಗಂಡ ಇಡ್ರಿಸ್ ಮುಷ್ಕರ ಮುರಿದು ಕೆಲಸಕ್ಕೆ ಹೋದ. ಇಡೀ ಊರಿನಲ್ಲಿ ಅವನೊಬ್ಬನೇ. ನನ್ನ ಮಾತು ಮೀರಿ ಹೋದ ಎಂಬುದು ಊರಿಗೇ ಗೊತ್ತು. ನಿಮ್ಮಪ್ಪ ಎಲ್ಲರ ಮುಂದೆ ಅವನ ಮಗ್ ಇಳಿಸಿ, "ಇದು ಬೂದಿಗುಂಡಿಗೆ. ಕೊಕ್ಕೆ ಮಾತ್ರ ಇರ್ಲಿ, ಕಣ್ಣಿಗೆ ಬೀಳ್ತಿರ್ಲಿ" ಅಂದ. ಆ ಖಾಲಿ ಕೊಕ್ಕೆಯ ಕೆಳಗೇ ನಿಂತು ನಾನು ಆಲೂಗಡ್ಡೆ ಸುಲಿದೆ. ದ್ರೋಹಕ್ಕೆ ಅದೇ ಶಿಕ್ಷೆ, ಸರಿ ಅಂದುಕೊಂಡೆ. ಒಂಬತ್ತು ವರ್ಷದ ಹಿಂದೆ ಇಡ್ರಿಸ್ ಸತ್ತಾಗ ಯಾರೂ ಒಂದು ಗುಟುಕು ಕುಡಿಯಲಿಲ್ಲ. ಚಾಪೆಲ್‌ನ ಹಿಂದಿನ ಬೆಂಚಿನಲ್ಲಿ ನೀನೊಬ್ಬಳೇ ಇದ್ದೆ.

ಈಗ ನಿನಗೂ ಒಂದು ಖಾಲಿ ಕೊಕ್ಕೆ ಬೇಕು. ತೂಗುಹಾಕಲು ತೊಲೆಯನ್ನೂ ನೀನು ಉಳಿಸಿಲ್ಲ.

ಇನ್ನು ನಿನ್ನ ಗೆಳತಿಯಲ್ಲದ,
ಬ್ಲಾಡ್ವೆನ್

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ಮೇಲೆ ಮರೆತು ಬಿಟ್ಟದ್ದಲ್ಲ, ಬಚ್ಚಿಟ್ಟದ್ದು: ಪೊಟ್ಟಣಗಳು ನಲವತ್ತೊಂದು. ಒಂದರ ಮೇಲೆ ಹೆಸರಿರಲಿಲ್ಲ. ಬಿಚ್ಚಿದೆ. ಇಡ್ರಿಸನ ಮಗ್. ಈಗಷ್ಟೇ ಉಜ್ಜಿದ ಹೊಳಪು. ಬೂದಿಗುಂಡಿಯಿಂದ ಅದನ್ನು ಎತ್ತಿಟ್ಟವಳು ನೀನು. ಬೇರೆ ಯಾರು ಎತ್ತುತ್ತಾರೆ? ಅವನು ಕೆಲಸಕ್ಕೆ ಹೋದ ದಿನ ನಮ್ಮ ಮಗಳಿಗೆ ಎದೆಕಫ, ಒಲೆಯಲ್ಲಿ ಚೂರು ಕಲ್ಲಿದ್ದಲಿಲ್ಲ. ಅವನು ಹೋಗಲಾರೆ ಎಂದು ಅತ್ತ. ಬೂಟು ತಂದು ಅವನ ಕಾಲಿಗೆ ತೊಡಿಸಿ, ಹೊರಗೆ ತಳ್ಳಿ, ಅಗುಳಿ ಹಾಕಿದವಳು ನಾನು. ಅದನ್ನು ನಿನ್ನೊಬ್ಬಳಿಗೆ ಹೇಳಿದ್ದೆ. ನೀನು ನಲವತ್ತು ವರ್ಷ ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆ ಮಗ್ ತುಂಬಿಸಿ ಎಲ್ಲರೆದುರು ಹೇಳುತ್ತೇನೆ. ನೀನೂ ಬಾ, ನಿನ್ನದನ್ನು ನೀನು ಹೇಳು. ಊರು ಒಂದು ಗುಟುಕು ಕುಡಿಯುತ್ತದೋ ಇಲ್ಲವೋ ಗೊತ್ತಿಲ್ಲ. ಯಾರೂ ಮುಟ್ಟದಿದ್ದರೆ ನಾವಿಬ್ಬರೇ ಕುಡಿದು ಮುಗಿಸೋಣ.